ಸೆಟ್ಟಿಂಗ್ ಬದಲಿಸಿ ನೆಟ್ ಕಳೆದುಕೊಂಡವರ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿಕೊಳ್ಳಿ. ಇದರ ಆನ್‌ಲೈನ್ ಆವೃತ್ತಿಯೂ ಉಂಟು. ಅದನ್ನು ತೆರೆಯಲು ನೆಟ್ ಬೇಕು.

1. ಈ ಕೈಪಿಡಿ ಯಾರಿಗೆ

ಮಾನ್ಯ ಗ್ರಾಹಕರೇ, ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದ್ದರೆ, ರೀಚಾರ್ಜ್ ಮುಗಿದಿದ್ದರೆ, ಕರೆಂಟೇ ಹೋಗಿದ್ದರೆ ಈ ಪುಸ್ತಿಕೆ ನಿಮಗಲ್ಲ. ನೀವು ನಿರಪರಾಧಿಗಳು. ಕಾಫಿ ಕುಡಿಯುತ್ತ ಕೇಬಲ್‌ನವರಿಗೆ ಫೋನ್ ಹಚ್ಚಿ. ಇದು ಚೆನ್ನಾಗಿಯೇ ಓಡುತ್ತಿದ್ದ ನೆಟ್ಟನ್ನು ಇನ್ನಷ್ಟು ಚೆನ್ನಾಗಿ ಓಡಿಸಲು ಹೊರಟವರಿಗೆ. ಭಾನುವಾರದ ಊಟ ಮುಗಿಸಿ, ಸ್ಪೀಡ್ ಡಬಲ್ ಮಾಡುವ ಗುಟ್ಟಿನ ವಿಡಿಯೊ ಒಂದನ್ನು ನೋಡಿ, ರೂಟರಿನ ಪುಟದೊಳಗೆ ಹೊಕ್ಕು, ಏನನ್ನೋ ಬದಲಿಸಿ 'ಸೇವ್' ಒತ್ತಿದ ಮಹನೀಯರಿಗೆ. ಎಲ್ಲಿ ತಪ್ಪಿತೆಂದು ಅದೇ ವಿಡಿಯೊ ನೋಡೋಣವೆಂದರೆ ಅದೂ ಈಗ ಗಿರಗಿರನೆ ಸುತ್ತುತ್ತಿದೆ.

2. ಪೆಟ್ಟಿಗೆಯಲ್ಲಿರುವ ಸಾಮಗ್ರಿ

ರೂಟರ್, ಒಂದು. ಅಡಾಪ್ಟರ್, ಒಂದು. ಹಳದಿ ಫೈಬರ್ ತಂತಿ, ಒಂದು. ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬರೆದ ಚೀಟಿ, ಒಂದು (ಕನೆಕ್ಷನ್ ಕೊಟ್ಟ ದಿನವೇ ಕಾಣೆ). ಮನೆಯ ಸದಸ್ಯರು, ಇರುವಷ್ಟು. ಉಳಿದ ಸಾಮಗ್ರಿಯನ್ನು ಹುಡುಕಬೇಕಾಗುತ್ತದೆ. ಸದಸ್ಯರು ತಾವಾಗಿಯೇ ಹಾಲಿಗೆ ಬಂದು ಸೇರುತ್ತಾರೆ.

3. ಮೂಲ ನಿಯಮ

ರೂಟರಿನಲ್ಲಿರುವ ಸೆಟ್ಟಿಂಗುಗಳು ಎರಡು ಪಂಗಡ. ಮೊದಲನೆಯದು ಹೊಸ್ತಿಲ ಒಳಗಿನದು: ವೈಫೈ ಹೆಸರು, ಅದರ ಪಾಸ್‌ವರ್ಡ್, ಚಾನೆಲ್, ಮನೆಯೊಳಗಿನ ಐಪಿ ವಿಳಾಸಗಳು. ಇಲ್ಲಿ ನೀವೇ ಯಜಮಾನರು. ಎರಡನೆಯದು ಹೊಸ್ತಿಲಾಚೆಯದು. ಅದು 'ವ್ಯಾನ್' ಎಂಬ ಪುಟದಲ್ಲಿ ಇರುತ್ತದೆ. ಅಲ್ಲಿ ತುಂಬಿರುವುದೆಲ್ಲ ಕೇಬಲ್‌ನವರ ಯಂತ್ರದಲ್ಲಿ ಬರೆದಿಟ್ಟಿರುವುದಕ್ಕೆ ತಾಳೆಯಾಗಬೇಕು. ಈ ಕಡೆ ನೀವು ತಿದ್ದಿದಿರೆಂದು ಆ ಕಡೆಯವರು ತಿದ್ದಿಕೊಳ್ಳುವುದಿಲ್ಲ. ತಿದ್ದಿದಿರೆಂಬ ಸುದ್ದಿಯೂ ಅವರಿಗೆ ಮುಟ್ಟುವುದಿಲ್ಲ.

ಒಳಗಿನದು ಕೆಟ್ಟರೆ ನಿಮ್ಮ ಕೈಯಲ್ಲೇ ರಿಪೇರಿ. ಹೊರಗಿನದು ಕೆಟ್ಟರೆ ಫೋನ್ ಕರೆಯಿಲ್ಲದೆ ಆಗದು. ಮುಂದಿನ ಹಂತಗಳೆಲ್ಲ ಹೊಸ್ತಿಲ ಯಾವ ಬದಿಗೆ ಕೈ ಹಾಕಿದಿರಿ ಎಂಬುದನ್ನು ಪತ್ತೆಹಚ್ಚಲಿಕ್ಕಷ್ಟೇ.

4. ಹಂತ ಒಂದು: ದೀಪದರ್ಶನ

'ಎಲ್‌ಒಎಸ್' ಎಂದು ಬರೆದ ಕಡೆ ಕೆಂಪು ದೀಪ ಮಿಣುಕುತ್ತಿದೆಯೇ? ಸಂತೋಷಪಡಿ. ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದು ಅದರರ್ಥ, ಮತ್ತು ವೈಫೈ ಪುಟದಲ್ಲಿ ಏನು ಗೀಚಿದರೂ ಬೆಳಕು ನಿಲ್ಲುವುದಿಲ್ಲ. ಆದರೆ ತೀರ್ಪು ಬರೆಯುವ ಮುನ್ನ, ರೂಟರಿನ ತಳದಲ್ಲಿರುವ ಪಾಸ್‌ವರ್ಡ್ ಓದಲು ಅದನ್ನು ಬೋರಲು ಹಾಕಿದಾಗ ಹಳದಿ ತಂತಿ ಸಡಿಲವಾಯಿತೇ, ಚೂಪಾಗಿ ಬಗ್ಗಿತೇ ನೋಡಿ. ಫೈಬರ್ ಮುರಿಯಬೇಕಿಲ್ಲ, ತೀರಾ ಬಗ್ಗಿದರೂ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ.

'ಪಾನ್' ದೀಪ ಹಸಿರಾಗಿ ನಿಂತಿದ್ದು 'ಇಂಟರ್‌ನೆಟ್' ದೀಪ ಆರಿದ್ದರೆ, ಬೆಳಕು ಬಂದಿದೆ, ಪ್ರವೇಶ ಸಿಕ್ಕಿಲ್ಲ. ನೀವು ಕೈ ಹಾಕಿದ್ದು ಹೊಸ್ತಿಲಾಚೆ. ಎಲ್ಲ ದೀಪಗಳೂ ಸರಿಯಾಗಿ ಉರಿಯುತ್ತಿದ್ದು ಮನೆಯವರಷ್ಟೇ ಉರಿಯುತ್ತಿದ್ದರೆ, ತೊಂದರೆ ಒಳಗಿನದು.

5. ಹಂತ ಎರಡು: ಏನು ಮುಟ್ಟಿದಿರಿ?

"ನಾನೇನೂ ಮುಟ್ಟಿಲ್ಲ" ಎಂಬ ಉತ್ತರವನ್ನು ಹಾಲಿನಲ್ಲಿ ನೆರೆದವರಿಗೆ ಮೀಸಲಿಡಿ. ನಿಮ್ಮಷ್ಟಕ್ಕೆ ನೀವು ಕೆಳಗಿನ ಲಕ್ಷಣಗಳೊಂದಿಗೆ ಹೋಲಿಸಿ ನೋಡಿಕೊಳ್ಳಿ.

ಲಕ್ಷಣ: ಸೇವ್ ಒತ್ತಿದ ಮೇಲೆ ರೂಟರಿನ ಪುಟವೇ ತೆರೆಯುತ್ತಿಲ್ಲ. ರೂಟರಿನ ವಿಳಾಸವನ್ನೇ ಬದಲಿಸಿದ್ದೀರಿ. 192.168ರಿಂದ ಶುರುವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆಂದು 1996ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಾಖಲೆ ಬಿಟ್ಟುಕೊಟ್ಟಿದೆ. ಹಾಗಾಗಿಯೇ 192.168.1.1 ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಜಗಳವಿಲ್ಲದೆ ಇರಬಲ್ಲದು. ನೀವು ಅದನ್ನು 192.168.0.1 ಮಾಡಿದಿರಿ, ನಿಮ್ಮ ಫೋನ್ ಇನ್ನೂ ಹಳೆಯ ವಿಳಾಸವನ್ನೇ ಹುಡುಕುತ್ತಿದೆ. ಫೋನಿನ ವೈಫೈ ಆಫ್ ಮಾಡಿ, ಮತ್ತೆ ಆನ್ ಮಾಡಿ. ವೈಫೈ ವಿವರಗಳಲ್ಲಿ 'ಗೇಟ್‌ವೇ' ಎಂದು ತೋರಿಸುವ ಅಂಕಿಯೇ ಹೊಸ ವಿಳಾಸ. ಕೇಬಲ್‌ನವರ ಪೆಟ್ಟಿಗೆಯ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಇದ್ದು, ಎರಡೂ 192.168.1 ಸಾಲಿನಲ್ಲೇ ಇದ್ದರೆ ಮಾತ್ರ ಗಂಡಾಂತರ. ಒಳಗೂ ಹೊರಗೂ ಒಂದೇ ಸಾಲು ಕಂಡು ಯಾವುದನ್ನು ಎತ್ತ ಕಳಿಸಬೇಕೆಂದು ನಿಮ್ಮ ರೂಟರಿಗೆ ತಿಳಿಯುವುದಿಲ್ಲ. ನಿಮ್ಮದನ್ನು 192.168.2.1 ಮಾಡಿ.

ಲಕ್ಷಣ: ವೈಫೈ ಗೆರೆಗಳು ಫುಲ್, ಆದರೆ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗುತ್ತಿದೆ. 'ಡಿಎಚ್‌ಸಿಪಿ' ಎಂಬ ಗುಂಡಿಯ ಉಪಯೋಗ ತಿಳಿಯದೆ ಅದನ್ನು ಆಫ್ ಮಾಡಿದ್ದೀರಿ. ಮನೆಯ ಪ್ರತಿ ಸಾಧನಕ್ಕೂ ವಿಳಾಸ ಹಂಚುವುದು ಅದರ ಕೆಲಸ. ಹಂಚುವವರಿಲ್ಲದಾಗ ಕಂಪ್ಯೂಟರ್ ತನಗೆ ತಾನೇ 169.254ರ ವಿಳಾಸವೊಂದನ್ನು ಕೊಟ್ಟುಕೊಳ್ಳುತ್ತದೆ. ಅದನ್ನು ಹಿಡಿದು ಹೊರಜಗತ್ತಿಗೆ ಹೋಗಲಾಗದು. ಕಂಪ್ಯೂಟರಿಗೆ ಕೈಯಾರೆ 192.168.1.50 ಎಂದೂ, ಮಾಸ್ಕ್ 255.255.255.0 ಎಂದೂ ಬರೆದು (ರೂಟರ್ 192.168.1.1ರಲ್ಲಿ ಇದ್ದರೆ), ಒಳಹೊಕ್ಕು ಆನ್ ಮಾಡಿ. ಆಮೇಲೆ ಕಂಪ್ಯೂಟರನ್ನು ಮತ್ತೆ 'ಆಟೊಮ್ಯಾಟಿಕ್'ಗೆ ತರಲು ಮರೆಯಬೇಡಿ; ಮರೆತರೆ ಇದೇ ಕೈಪಿಡಿಯನ್ನು ಮತ್ತೊಂದು ಮನೆಯಲ್ಲಿ ಓದಬೇಕಾಗುತ್ತದೆ.

ಲಕ್ಷಣ: ಯಾವ ಸೈಟೂ ತೆರೆಯುತ್ತಿಲ್ಲ, ಆದರೆ ಕಂಪ್ಯೂಟರಿನಲ್ಲಿ 'ping 1.1.1.1' ಎಂದು ಹೊಡೆದರೆ ಉತ್ತರ ಬರುತ್ತಿದೆ. ತೊಂದರೆ ಡಿಎನ್‌ಎಸ್‌ನದು. ಹೆಸರನ್ನು ಅಂಕಿಯಾಗಿಸುವ ಈ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದಕ್ಕೂ ಮೊದಲು ಜಾಲದಲ್ಲಿದ್ದ ಕಂಪ್ಯೂಟರುಗಳ ಹೆಸರುಗಳನ್ನೆಲ್ಲ ಒಂದೇ ಫೈಲಿನಲ್ಲಿ ಬರೆದಿಡುತ್ತಿದ್ದರು. ನೀವು 8.8.8.8 ಎಂದು ಬರೆಯಹೊರಟು ನಡುವೆ ಎಲ್ಲೋ ಒಂದು ಎಂಟನ್ನು ಹೆಚ್ಚಿಗೆ ಒತ್ತಿದ್ದೀರಿ. ತಿದ್ದಿ. ಅಂದಹಾಗೆ, ಡಿಎನ್‌ಎಸ್ ಬದಲಿಸಿದರೆ ಸೈಟು ಹುಡುಕುವುದು ಕ್ಷಣದ ಒಂದು ಪಾಲು ಬೇಗವಾದೀತು. 40 ಎಂಬಿಪಿಎಸ್ ಪ್ಲಾನು 80 ಆಗುವುದಿಲ್ಲ.

ಲಕ್ಷಣ: ಎಲ್ಲರಿಗೂ ಬರುತ್ತಿದೆ, ನಿಮಗೆ ಮಾತ್ರ ಇಲ್ಲ. ಪಕ್ಕದ ಮನೆಯ ಹುಡುಗನನ್ನು ಹೊರಗಿಡಲು 'ಮ್ಯಾಕ್ ಫಿಲ್ಟರ್' ಹಾಕಿ, ಒಪ್ಪಿಗೆಯ ಪಟ್ಟಿಗೆ ಮನೆಯವರ ಫೋನುಗಳನ್ನು ರೂಟರ್ ತೋರಿಸಿದಂತೆಯೇ ಸೇರಿಸಿ, ನಿಮ್ಮದಕ್ಕೆ ಮಾತ್ರ ಫೋನಿನ ಮೂಲ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಅಂಕಿ) ಬರೆದಿರಿ. ಈಗಿನ ಫೋನುಗಳು ಯಾರೂ ಜಾಡು ಹಿಡಿಯದಿರಲೆಂದು ವೈಫೈಗೆ ಬೇರೆಯೇ ಒಂದು ಹುಸಿ ವಿಳಾಸ ತೋರಿಸುತ್ತವೆ. ರೂಟರ್ ಪಟ್ಟಿ ನೋಡಿತು, ನಿಮ್ಮನ್ನು ಹೊರಗೆ ನಿಲ್ಲಿಸಿತು. ಲ್ಯಾಪ್‌ಟಾಪಿಗೆ ಲ್ಯಾನ್ ತಂತಿ ಚುಚ್ಚಿ ಒಳಹೋಗಿ. ಈ ಕಾವಲು ಸಾಮಾನ್ಯವಾಗಿ ವೈಫೈ ಬಾಗಿಲಿಗೆ ಮಾತ್ರ.

ಲಕ್ಷಣ: ಅಮೆರಿಕದಿಂದ ಬಂದ ಮಗಳ ಲ್ಯಾಪ್‌ಟಾಪಿಗೆ ಮಾತ್ರ ವೈಫೈ ಹೆಸರೇ ಕಾಣುತ್ತಿಲ್ಲ. ಚಾನೆಲನ್ನು 13ಕ್ಕೆ ತಿರುಗಿಸಿದ್ದೀರಿ. ಅಲ್ಲಿ ಕೊಂಡ ಹಲವು ಯಂತ್ರಗಳಿಗೆ 2.4 ಗಿಗಾಹರ್ಟ್ಸ್‌ನಲ್ಲಿ 11ರ ಆಚೆ ಲೋಕವೇ ಇಲ್ಲ. 1, 6, 11 ಈ ಮೂರರಲ್ಲಿ ಒಂದನ್ನು ಆರಿಸಿ. ಒಂದರ ಮೇಲೊಂದು ಬೀಳದ ಚಾನೆಲುಗಳು ಇವೇ.

ಲಕ್ಷಣ: 'ವ್ಯಾನ್' ಪುಟದಲ್ಲಿ 'ಪಿಪಿಪಿಒಇ' ಇದ್ದದ್ದು ಈಗ 'ಆಟೊಮ್ಯಾಟಿಕ್ ಐಪಿ' ಆಗಿದೆ. ಕುರ್ಚಿಯಲ್ಲಿ ಕೂತುಕೊಳ್ಳಿ. ಇದು ಹೊಸ್ತಿಲಾಚೆಯ ಪ್ರಕರಣ. ಪಿಪಿಪಿಒಇ ಎಂದರೆ ಪ್ರತಿ ಸಲ ಯೂಸರ್‌ನೇಮ್, ಪಾಸ್‌ವರ್ಡ್ ಒಪ್ಪಿಸಿಯೇ ಒಳಹೋಗುವ ಪದ್ಧತಿ. ಹಳೆಯದಕ್ಕೆ ಮರಳಿದರೂ ಆ ಎರಡು ಖಾನೆಗಳು ಬರಿದಾಗಿರಬಹುದು. ಪಾಸ್‌ವರ್ಡ್ ಇದ್ದಾಗಲೂ ನಿಮಗೆ ಕಂಡಿದ್ದು ಕಪ್ಪು ಚುಕ್ಕಿಗಳಷ್ಟೇ. 'ವಿಲ್ಯಾನ್' ಎಂಬ ಖಾನೆಯ ಅಂಕಿಯನ್ನೂ ಅಳಿಸಿದ್ದರೆ ಹಂತ ನಾಲ್ಕಕ್ಕೆ ನೇರ ಜಿಗಿಯಿರಿ. ಕೆಲವು ಸೈಟುಗಳು ತೆರೆದು, ಕೆಲವು ಅರ್ಧಕ್ಕೇ ನಿಲ್ಲುತ್ತಿದ್ದರೆ ಮಾತ್ರ ಅದೃಷ್ಟವಂತರು: 'ಎಂಟಿಯು' ಖಾನೆಯಲ್ಲಿ 1492 ಇದ್ದದ್ದನ್ನು 1500 ಮಾಡಿದ್ದೀರಿ. ಪಿಪಿಪಿಒಇ ತನ್ನ ಮುದ್ರೆ ಒತ್ತಲು 8 ಬೈಟ್ ಇಟ್ಟುಕೊಳ್ಳುತ್ತದೆ. ಆ ಎಂಟನ್ನು ಅದಕ್ಕೆ ಬಿಟ್ಟುಕೊಡಿ.

6. ಹಂತ ಮೂರು: ಸೂಜಿ ಕೆಳಗಿಡಿ

ಇಷ್ಟರಲ್ಲಿ ಯಾರಾದರೂ "ರೀಸೆಟ್ ಮಾಡಿಬಿಡಿ" ಎಂದಿರುತ್ತಾರೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡುವುದು ರೀಸ್ಟಾರ್ಟ್. ಎಷ್ಟು ಸಲವಾದರೂ ಮಾಡಿ. ಹಿಂದಿನ ಪುಟ್ಟ ರಂಧ್ರಕ್ಕೆ ಸೂಜಿ ತೂರಿಸಿ ಹತ್ತು ಸೆಕೆಂಡು ಒತ್ತುವುದು ರೀಸೆಟ್. ಅದು ರೂಟರನ್ನು ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಫ್ಯಾಕ್ಟರಿಗೆ ನಿಮ್ಮ ಯೂಸರ್‌ನೇಮ್ ಗೊತ್ತಿರಲಿಲ್ಲ. ಒಳಗಿನ ಒಂದು ತಪ್ಪನ್ನು ಅಳಿಸಲು ಹೋಗಿ ಹೊರಗಿನ ಎಲ್ಲ ಸರಿಗಳನ್ನೂ ಅಳಿಸಿದಂತಾಯಿತು.

ಆಗಲೇ ಒತ್ತಿಬಿಟ್ಟಿದ್ದರೆ, ರೂಟರಿನ ಗಡಿಯಾರ 1970ರ ಜನವರಿ 1, ಬೆಳಗಿನ 5:30 ಎಂದು ತೋರಿಸೀತು. ಗಾಬರಿ ಬೇಡ. ಬಹಳಷ್ಟು ರೂಟರುಗಳಿಗೆ ತಮ್ಮದೇ ಬ್ಯಾಟರಿ ಗಡಿಯಾರವಿಲ್ಲ. ಹೊತ್ತೆಷ್ಟೆಂದು ನೆಟ್ಟನ್ನೇ ಕೇಳುತ್ತವೆ. ಉತ್ತರ ಸಿಗದಿದ್ದಾಗ ಯುನಿಕ್ಸ್ ಕಾಲಗಣನೆಯ ಮೊದಲ ಕ್ಷಣದಿಂದ ಎಣಿಕೆ ಶುರುಮಾಡುತ್ತವೆ. ಗ್ರೀನಿಚ್ ಕಾಲಮಾನದ ಆ ನಡುರಾತ್ರಿ ಭಾರತದಲ್ಲಿ ಐದೂವರೆ.

7. ಹಂತ ನಾಲ್ಕು: ಫೋನ್ ಕರೆ

"ರೆಡ್ ಲೈಟ್ ಇದೆಯಾ ಸಾರ್?" ಎಂದು ಕೇಳುತ್ತಾರೆ. ಇಲ್ಲ ಎನ್ನಿ. "ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ. ಮಾಡಿಯಾಯಿತು ಎನ್ನಿ. ಆಮೇಲೆ ಮೂರನ್ನು ಕೇಳಿ ಪಡೆಯಿರಿ: ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಅಂಕಿ. ಹೊಸ ರೂಟರ್ ತಂದಿದ್ದರೆ "ಹಳೆ ಮ್ಯಾಕ್ ರಿಲೀಸ್ ಮಾಡಿ" ಎಂದು ಸೇರಿಸಿ. ಕೆಲವರು ಕನೆಕ್ಷನ್ನನ್ನು ಹಳೆಯ ಪೆಟ್ಟಿಗೆಗೆ ಕಟ್ಟಿಹಾಕಿರುತ್ತಾರೆ. ಎಲ್ಲ ಸರಿಯಿದ್ದೂ ಲಾಗಿನ್ ಆಗದಿದ್ದರೆ ಐದು ನಿಮಿಷ ಬಿಡಿ. ನಿಮ್ಮ ಹಿಂದಿನ ಲಾಗಿನ್ ಅವರ ಯಂತ್ರದಲ್ಲಿ ಇನ್ನೂ ಜೀವಂತವಿದ್ದು, ಎರಡನೆಯ ನಿಮ್ಮನ್ನು ನಂಬಲು ಅದು ತಯಾರಿಲ್ಲ.

8. ಮುಂದಿನ ಸಲಕ್ಕೆ

ಮುಂದಿನ ಸಲ ಇದ್ದೇ ಇರುತ್ತದೆ; ಈ ಕೈಪಿಡಿ ನಿಮ್ಮನ್ನು ಬಲ್ಲದು. ಬದಲಿಸುವ ಮುನ್ನ ಪುಟದ ಫೋಟೊ ತೆಗೆಯಿರಿ. 'ಬ್ಯಾಕಪ್' ಗುಂಡಿ ಇದ್ದರೆ ಫೈಲ್ ಇಳಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಆಮೇಲೆ ಇನ್ನೊಂದು. ಹೊಸ್ತಿಲಾಚೆಯದನ್ನು ಅವರು ಹೇಳಿದ ದಿನ ಮಾತ್ರ ಮುಟ್ಟಿ.

9. ವಾರಂಟಿ

ನೆಟ್ ಮರಳುವುದಕ್ಕೆ ವಾರಂಟಿ ಉಂಟು. ಮನೆಯವರ ವಿಶ್ವಾಸಕ್ಕೆ ಇಲ್ಲ. ಇನ್ನು ಮೇಲೆ ಮಳೆಗಾಳಿಗೆ ಮರ ಉರುಳಿ ಇಡೀ ಬೀದಿಯ ಕೇಬಲ್ ಹರಿದರೂ ಅವರು ಮೊದಲು ತಿರುಗಿ ನೋಡುವುದು ನಿಮ್ಮ ಕಡೆಗೇ. ವಾದ ಹೂಡಬೇಡಿ, ಡಿಎನ್‌ಎಸ್ ವಿವರಿಸಲು ಹೋಗಬೇಡಿ. ಕೆಂಪು ದೀಪದತ್ತ ಬೆರಳು ತೋರಿಸಿ. ನಿಮ್ಮ ಪರವಾಗಿ ಸಾಕ್ಷಿ ನುಡಿಯಲು ಇಡೀ ಮನೆಯಲ್ಲಿ ಉಳಿದಿರುವುದು ಅದೊಂದೇ.