ಕಾರು ಬೀದಿಗೆ, ಬಾಡಿಗೆ ಜೇಬಿಗೆ

ಬೆಂಗಳೂರಿನಲ್ಲಿ ಥರ್ಟಿ-ಫಾರ್ಟಿ ಸೈಟುಗಳಿರುವ ಯಾವ ಬೀದಿಗೆ ಹೋದರೂ ಇವರು ಸಿಗುತ್ತಾರೆ. ಬನಿಯನ್ ಮೇಲೊಂದು ಟವೆಲ್ ಹೊದ್ದು, ಗೇಟಿಗೊರಗಿ, ರಸ್ತೆಯಲ್ಲಿ ನಿಂತ ತಮ್ಮ ಕಾರನ್ನೇ ನೋಡುತ್ತಿರುತ್ತಾರೆ. ಬಾಡಿಗೆ ಹುಡುಗರ ಬಾಯಲ್ಲಿ ಇವರು ಓನರ್ ಅಂಕಲ್. ಬ್ಯಾಂಕಿನಿಂದಲೋ ಫ್ಯಾಕ್ಟರಿಯಿಂದಲೋ ರಿಟೈರ್ ಆಗಿ ಮನೆಯಲ್ಲಿ ಕೂತ ಮೇಲೆ ಒಂದು ದಿನ ಇವರಿಗೆ ಹೊಳೆಯಿತು: ಇಷ್ಟು ವರ್ಷ ಒಳಗೆ ನಿಂತ ಕಾರು ಒಂದು ರೂಪಾಯಿ ಬಾಡಿಗೆ ಕೊಟ್ಟಿಲ್ಲ!

ಮಾರನೇ ವಾರ ಮೇಸ್ತ್ರಿ ಬಂದ. ಕಾರು ಹೊರಗೆ ಹೋಯಿತು, ಗೇಟಿನ ಹಿಂದೆ ಸಾಲಿಡ್ ಬ್ಲಾಕಿನ ಗೋಡೆ ಎದ್ದಿತು. ಮೆಟ್ಟಿಲ ಕೆಳಗೆ ಹಳೇ ಪೇಪರು, ಒಡೆದ ಬಕೆಟ್ಟು ಇದ್ದ ಜಾಗ ಅಟ್ಯಾಚ್ಡ್ ಬಾತ್‌ರೂಮ್ ಆಯಿತು. ಅದರೊಳಗೆ ಬಗ್ಗಿ ಹೋಗಬೇಕು, ಬಗ್ಗಿಯೇ ಸ್ನಾನ ಮಾಡಬೇಕು, ಬಗ್ಗಿಯೇ ಬರಬೇಕು. "ಬೆನ್ನು ಉಜ್ಜಿಕೊಳ್ಳೋಕೆ ಸಲೀಸು" ಅನ್ನುತ್ತಾರೆ ಅಂಕಲ್. ಮೂಲೆಯಲ್ಲಿ ಒಂದು ಗ್ರಾನೈಟ್ ಕಲ್ಲು ಕೂರಿಸಿದ್ದೇ ಅಡುಗೆಮನೆ. ಟು-ಲೆಟ್ ಬೋರ್ಡಿನಲ್ಲಿ ಇದೆಲ್ಲ ಸೇರಿ 'ಗ್ರೌಂಡ್ ಫ್ಲೋರ್, ಸೆಪರೇಟ್ ಎಂಟ್ರೆನ್ಸ್, ವೆಜ್ ಓನ್ಲಿ'.

ನೆಲ ಮಾತ್ರ ಹಳೆಯದೇ. ಕಾರು ತೊಳೆದ ನೀರು ರಸ್ತೆಗೆ ಹೋಗಲೆಂದು ಹಿಂದೆ ಕೊಟ್ಟಿದ್ದ ಇಳಿಜಾರಿನ ಮೇಲೇ ಟೈಲ್ಸ್ ಹಾಕಿಸಿಬಿಟ್ಟರು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದು ಲೋಕದ ಶಾಸ್ತ್ರ. ಈ ರೂಮಿನಲ್ಲಿ ಗೇಟಿನ ಕಡೆಗೆ ತಲೆ ಹಾಕಬಾರದು.

ಇನ್ನು ಸಂಪು. ನಮ್ಮೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಅದು ಇರುವುದೇ ಕಾರು ನಿಲ್ಲುವ ಜಾಗದ ಅಡಿಯಲ್ಲಿ. ಕಾರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಈಗ ಅದರ ಕಬ್ಬಿಣದ ಮುಚ್ಚಳ ಹುಡುಗನ ಮಂಚದ ಪಕ್ಕಕ್ಕೇ ಬಂದಿದೆ. ಮೇಲೊಂದು ಪ್ಲಾಸ್ಟಿಕ್ ಚಾಪೆ. ಆ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ಆಗ ಬಾಗಿಲು ದಬದಬ.

"ಏಳಪ್ಪಾ, ಎರಡೇ ನಿಮಿಷ."

ಟಾರ್ಚು ಹಿಡಿದು ಬಂದು, ಚಾಪೆ ಸರಿಸಿ, ಮುಚ್ಚಳ ಎತ್ತಿ, ಬಿದಿರು ಕೋಲು ಇಳಿಸಿ, "ಮುಕ್ಕಾಲು ಸಂಪು ತುಂಬಿದೆ" ಎಂದು ಸಾರುತ್ತಾರೆ. ಹೊದಿಕೆಯೊಳಗಿಂದ ಹುಡುಗ "ಸರಿ ಅಂಕಲ್" ಅನ್ನುತ್ತಾನೆ. ಹೋಗುವಾಗ ಅಂಕಲ್ ಕಣ್ಣು ಒಲೆಯ ಕಡೆಗೆ.

"ನಿನ್ನೆ ರಾತ್ರಿ ಆಮ್ಲೆಟ್ ವಾಸನೆ ಬಂದ ಹಾಗಿತ್ತು?"

"ಪಕ್ಕದ ಮನೆಯವರದ್ದಿರಬೇಕು ಅಂಕಲ್."

"ಪಕ್ಕದ ಮನೆಯವರು ಜೈನರು ಕಣಪ್ಪಾ."

ಕಾನೂನಿನ ಬಗ್ಗೆ ಅಂಕಲ್‌ಗೆ ಅಪಾರ ಗೌರವ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟ ಮಂಜೂರಾದ ನಕ್ಷೆಯಲ್ಲಿ ಇವತ್ತಿಗೂ ಚುಕ್ಕೆಗೆರೆಯ ಕಾರೊಂದು ನಿಂತಿದೆ. ಪಾಲಿಕೆಯ ಮಟ್ಟಿಗೆ ಅಲ್ಲಿ ಮನುಷ್ಯರೇ ಇಲ್ಲ. ಕೇಳಿದರೆ, "ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ ಬಿಡಿ." ಅದಕ್ಕೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತಲ್ಲ ಸ್ವಾಮಿ? "ತಡೆ ತಾನೇ? ರದ್ದು ಅಲ್ವಲ್ಲ!" ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ ಎಂದು ಹುಡುಗನೊಬ್ಬ ಮೊಬೈಲಿನಲ್ಲಿ ತೋರಿಸಿದ. "ಅದು ಡೆಲ್ಲಿಲಿ ಮಾಡಿದ್ದು, ಇದು ವಿಜಯನಗರ" ಎಂದು ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡರು. ಕರೆಂಟಿಗೆ ಸಬ್ ಮೀಟರ್ ಉಂಟು. ಗೃಹಜ್ಯೋತಿಯಲ್ಲಿ ಇವರಿಗೆ ಬರುವುದು ಸೊನ್ನೆ ಬಿಲ್ಲು. ಹುಡುಗನಿಗೆ ಮಾತ್ರ ಯೂನಿಟ್ಟಿಗೆ ಇಂತಿಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಇಷ್ಟು ಶುದ್ಧವಾದ ಲಾಭ ನಮ್ಮ ನಾಡಿನಲ್ಲಿ ಇನ್ಯಾವ ಕಸುಬಿಗೂ ಇರಲಾರದು.

ಕೆಟ್ಟವರೇನಲ್ಲ. ಹುಡುಗನಿಗೆ ಜ್ವರ ಬಂದಾಗ ಆಂಟಿಯ ಕೈಲಿ ಮೆಣಸಿನ ಸಾರು ಕಳಿಸಿದ್ದಾರೆ, ಗೌರಿ-ಗಣೇಶಕ್ಕೆ ಕಡುಬು ಕೊಟ್ಟಿದ್ದಾರೆ. ಆದರೆ ಜೀವವೆಲ್ಲ ಆ ಕಾರಿನ ಮೇಲೆ. ಹೊಂಗೆ ಮರದ ಕೆಳಗೆ ಕವರು ಹೊದ್ದು ನಿಂತ ಅದಕ್ಕೆ ದಿನಾ ಎರಡು ಹೊತ್ತು ಕಾಗೆ ಹಿಕ್ಕೆ ಒರೆಸುವ ಸೇವೆ. ಕಾರು ಎಲ್ಲಿಗಾದರೂ ಹೋದರೆ ಆ ಜಾಗಕ್ಕೆ ಸಿಮೆಂಟು ತುಂಬಿದ ಪೇಂಟ್ ಡಬ್ಬ ಕಾವಲು. ಜಾಗ ಹೋದೀತು ಎಂಬ ಭಯಕ್ಕೆ ಈಗೀಗ ಮದುವೆ ಮನೆಗಳಿಗೂ ಆಟೋದಲ್ಲೇ ಹೋಗುತ್ತಾರೆ. ಗೇಟಿನ ಮೇಲಿನ 'ನೋ ಪಾರ್ಕಿಂಗ್, ಟೈರಿನ ಗಾಳಿ ತೆಗೆಯಲಾಗುವುದು' ಬೋರ್ಡು ಹಾಗೇ ಇದೆ. ಅಲ್ಲಿಂದ ಹೊರಗೆ ಬರುವ ವಾಹನ ಅಂದರೆ ಹುಡುಗನ ಸೈಕಲ್ಲು ಒಂದೇ.

ಬೆಂಗಳೂರಿಗೆ ಹೊಸದಾಗಿ ಬಂದು ರೂಮು ಹುಡುಕುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಜೇಬಿನಲ್ಲಿ ಒಂದು ಗೋಲಿ ಇಟ್ಟುಕೊಂಡು ಹೋಗಿ. ಓನರ್ ಅತ್ತ ತಿರುಗಿದಾಗ ನೆಲದ ಮೇಲೆ ಬಿಡಿ. ಅದು ತಾನಾಗಿ ಗೇಟಿನ ಕಡೆಗೆ ಉರುಳಿದರೆ, ಅಡ್ವಾನ್ಸಿನಲ್ಲಿ ಚೌಕಾಸಿ ಮಾಡಿ.