ರಿಮ್ಮಿಗೆ ಮಿಲಿಮೀಟರು, ರಸ್ತೆಗೆ ಅಂದಾಜು

ನಮ್ಮ ಓಣಿಯ ಸಾಹೇಬರಿಗೆ ಹೋದ ವರ್ಷ ಸಕ್ಕರೆ ಕಾಯಿಲೆ ಪತ್ತೆಯಾಯಿತು. ದಿನಾ ಒಂದು ತಾಸು ನಡೆಯಿರಿ ಅಂದರು ಡಾಕ್ಟರು. ನಡೆಯುವುದಕ್ಕೆ ಪೈಸೆ ಖರ್ಚಿಲ್ಲ. ಖರ್ಚಿಲ್ಲದ ಕೆಲಸ ಸಾಹೇಬರ ಮೈಗೆ ಒಗ್ಗುವುದಿಲ್ಲ. ಮೌಂಟನ್ ಬೈಕ್ ತರಿಸಿದರು.

ಬೀದರಿನಲ್ಲಿ ಮೌಂಟನ್ ಎಲ್ಲಿದೆ ಅಂತ ಕೇಳಬೇಡಿ. ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ತಟ್ಟಿಟ್ಟ ರೊಟ್ಟಿಯ ಹಾಗೆ ಸಪಾಟು. ಇಳಿದು ಭಾಲ್ಕಿ, ಔರಾದ ಕಡೆ ಹೋದರೆ ಕಣ್ಣು ಹಾಯುವವರೆಗೆ ಎರೆಹೊಲ. ಬಹಮನಿ ಸುಲ್ತಾನರು ಕೋಟೆಗೆ ಅಂತ ಕಲ್ಲು ಕಡಿದು ಮೂರು ಸಾಲು ಕಂದಕ ತೋಡಿಸಿದರು. ಉಳಿದ ತಗ್ಗುಗಳೆಲ್ಲ ನಮ್ಮ ಕಾಲದವು. ಟೆಂಡರ್ ಕರೆದು ಮಾಡಿಸಿದವು.

ಬೈಕು ಬಂತು. ಅದರ ಗಾಲಿ ಸಾಹೇಬರಿಗೆ ಹಿಡಿಸಲಿಲ್ಲ. ಕಂಪನಿಯವರು ಕೊಟ್ಟ ಗಾಲಿಯಲ್ಲಿ ಓಡಾಡುವುದು ಬಡವರ ಲಕ್ಷಣವಂತೆ. ಹಬ್ ಬೇರೆ, ರಿಮ್ ಬೇರೆ, ಕಡ್ಡಿ ಬೇರೆ ತರಿಸಿ ಕಟ್ಟಿಸಬೇಕಂತೆ. ಮೂರು ತಿಂಗಳು ಇದೇ ಧ್ಯಾನ. ಪ್ರತಿ ಸಂಜೆ ನನ್ನ ಮನೆಯ ಕಟ್ಟೆಯ ಮೇಲೆ ಪ್ರವಚನ. ನಾನು ನಿವೃತ್ತ ಮಾಸ್ತರ. ನನಗೆ ಬೇರೆ ಕೆಲಸವಿಲ್ಲ ಅಂತ ಇಡೀ ಓಣಿಗೆ ಗೊತ್ತು.

ಮೊದಲ ತಕರಾರು ಅಳತೆಯದು. 26 ಇಂಚಿನ ಗಾಲಿ ಹಳತಾಯಿತು. 27.5 ಬಂತು. 29 ಬಂತು. ಟೈರು ಕೂರುವ ಜಾಗದಲ್ಲಿ ಅಳೆದರೆ 26ಕ್ಕೆ 559 ಮಿಲಿಮೀಟರ್, 27.5ಕ್ಕೆ 584, 29ಕ್ಕೆ 622. ನಟ್ಟನಡುವಿನದು ಅಂತ ಮಾರಿದ 27.5 ನಡುವೆ ಇಲ್ಲವೇ ಇಲ್ಲ, 26ರ ಮಗ್ಗುಲಿಗೆ ಒರಗಿ ನಿಂತಿದೆ. ದೊಡ್ಡ ಹೆಸರಿನ 29 ಇದೆಯಲ್ಲ, ಅದು ರೇಸ್ ಸೈಕಲ್ಲಿನ 700ಸಿ ರಿಮ್ಮಿನದೇ ಅಳತೆ. ಹಳೇ ಮದುಮಗ, ಹೊಸ ಬಾಸಿಂಗ.

ಎರಡನೆಯದು ಹಬ್. ಬಂಡಿಯ ಗಾಲಿಗೆ ಗುಂಬ ಇದ್ದ ಹಾಗೆ ಸೈಕಲ್ ಗಾಲಿಗೆ ಹಬ್. ನಮ್ಮ ಕಾಲದಲ್ಲಿ ಒಳಗೆ ಕಪ್ಪು, ಕೋನು, ನಡುವೆ ಉಕ್ಕಿನ ಗುಂಡುಗಳು, ಮೇಲೊಂದಿಷ್ಟು ಗ್ರೀಸು. ವರ್ಷಕ್ಕೊಮ್ಮೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರೆ ಮುಗಿಯಿತು. ಸಾಹೇಬರಿಗೆ ಸೀಲ್ಡ್ ಬೇರಿಂಗೇ ಆಗಬೇಕು. ಧೂಳು ಹೋಗಬಾರದು. ನೀರು ಹೋಗಬಾರದು. ಗಾಳಿ ಹೋಗಲೂ ಪರವಾನಗಿ ಬೇಕು.

ಹಬ್ಬಿನೊಳಗೆ ಹಲ್ಲಿನ ಚಕ್ರವೊಂದಿದೆ. 36 ಹಲ್ಲಿದ್ದರೆ, ತುಳಿದಾಗ ಗಾಲಿಯನ್ನು ಕಚ್ಚಿ ಹಿಡಿಯುವ ಮೊದಲು ಅದು ಹೆಚ್ಚೆಂದರೆ 10 ಡಿಗ್ರಿ ಖಾಲಿ ತಿರುಗುತ್ತದೆ. 690 ಕಡೆ ಕಚ್ಚುವ ಅಮೆರಿಕದ ಹಬ್ಬೂ ಇದೆ. ಅದರಲ್ಲಿ ಬರೀ ಅರ್ಧ ಡಿಗ್ರಿ.

“ಮಾಸ್ತರ್ರ, ಹತ್ತು ಡಿಗ್ರಿ ಅಂದ್ರ ಭಾಳ ಲೇಟ್ ಆಯ್ತಲ್ರಿ,” ಅಂದರು ಸಾಹೇಬರು. ಮುಖದಲ್ಲಿ ನಿಜವಾದ ಸಂಕಟವಿತ್ತು.

ಮೂರನೆಯದು ಅಚ್ಚು. ಹಿಂದಿನ ಗಾಲಿಯ ಹಬ್ ಮೊದಲು 135 ಮಿಲಿಮೀಟರ್ ಅಗಲ ಇತ್ತು. ಅದನ್ನು 142 ಮಾಡಿದರು. ಆಮೇಲೆ 148 ಮಾಡಿ ‘ಬೂಸ್ಟ್’ ಅಂತ ಹೆಸರಿಟ್ಟರು. ಹೆಸರು ಹಾಲಿಗೆ ಬೆರೆಸುವ ಪುಡಿಯ ಹಾಗಿದೆ, ಬೆಲೆ ಹಾಗಿಲ್ಲ. ಸಾಹೇಬರ ಬೈಕು 148ರದು. ದೂರದ ಊರಿನಿಂದ ಬಂದ ಹಬ್ 142ರದು. ಅವತ್ತು ಓಣಿ ನಡುಗಿತು.

“ಆರು ಮಿಲಿಮೀಟರ್ ಮೋಸ! ಅಳತಿ ನೋಡದೆ ಮಾಲು ಕಳಸ್ತಾರ. ಬಿಡಂಗಿಲ್ಲ, ಗ್ರಾಹಕರ ಕೋರ್ಟಿಗೆ ಹೋತೀನಿ!”

ಅಂದಹಾಗೆ, ಸಾಹೇಬರ ಕಸುಬು ಹೇಳುವುದನ್ನು ಮರೆತೆ. ಅವರು ರಸ್ತೆ ಗುತ್ತೇದಾರರು.

ಈಗ ಮತ್ತೊಮ್ಮೆ ಮೇಲಿನಿಂದ ಓದಿ.

ಅವರು ಕೊನೆಗೆ ಆರಿಸಿದ ರಿಮ್ಮಿನ ಒಳಗಿನ ಅಗಲ 30 ಮಿಲಿಮೀಟರ್. ಅದರ ಮೇಲೆ ಕೂರುವ ಟೈರು 2.4 ಇಂಚು, ಅಂದರೆ 61 ಮಿಲಿಮೀಟರ್. ಹಳ್ಳಿ ರಸ್ತೆಗೆ ಸಾಮಾನ್ಯವಾಗಿ ಹಾಕುವ ಡಾಂಬರಿನ ಮೇಲುಪದರ ಎಷ್ಟು ದಪ್ಪ ಗೊತ್ತೆ? ಪುಸ್ತಕದ ಲೆಕ್ಕದಲ್ಲಿ 20 ಮಿಲಿಮೀಟರ್. ಪುಸ್ತಕದಲ್ಲಿ. ನೆಲದ ಮೇಲೆ ಎಷ್ಟು ಅಂತ ಕೇಳುವುದು ಅಸಭ್ಯತೆ. ಯಾವ ಗುತ್ತೇದಾರನ ಮನೆಯ ಮುಂದೂ ಯಾರೂ ಕಟ್ಟೆ ಹತ್ತಿ ಕೂತು ಈ ಪ್ರವಚನ ಮಾಡಿದ್ದು ನಾನು ಕಾಣೆ.

ರಿಮ್ಮಿನಲ್ಲಿ ಅರ್ಧ ಮಿಲಿಮೀಟರ್ ಓಲಾಟ ಕಂಡರೆ ಸಾಹೇಬರಿಗೆ ರಾತ್ರಿ ನಿದ್ದೆಯಿಲ್ಲ. ರಸ್ತೆಯಲ್ಲಿ ಅರ್ಧ ಅಡಿ ತಗ್ಗು ಬಿದ್ದರೆ ‘ಮಳಿ ಭಾಳ ಆಯ್ತು’. ಹಬ್ 10 ಡಿಗ್ರಿ ತಡ ಮಾಡಿದರೆ ಸಂಕಟ. ಕಾಮಗಾರಿ 10 ತಿಂಗಳು ತಡವಾದರೆ ಅವಧಿ ವಿಸ್ತರಣೆ.

ರಿಮ್ಮಿನ ಬಾಳಿಕೆ ಬಗ್ಗೆಯೂ ಅವರು ಬಿಗಿ. ಜೀವಮಾನದ ಖಾತರಿ ಕೊಡುವ ಕಾರ್ಬನ್ ರಿಮ್ಮುಗಳಿವೆ. ಅಂಥದ್ದೇ ಬೇಕು ಅಂತ ಹಟ ಹಿಡಿದು ತರಿಸಿದರು. ಖಾತರಿಯ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊಲದ ಪಹಣಿಯ ಜೊತೆ ತಿಜೋರಿಯಲ್ಲಿ ಇಟ್ಟಿದ್ದಾರೆ.

ರಸ್ತೆಗೂ ಖಾತರಿ ಉಂಟು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ರಂದು. ಅದರಡಿ ಮಾಡಿದ ರಸ್ತೆಯನ್ನು 5 ವರ್ಷ ಗುತ್ತೇದಾರನೇ ನೋಡಿಕೊಳ್ಳಬೇಕು. ಕಾಮಗಾರಿ ವಿವರದ ಫಲಕ ದಾರಿ ಪಕ್ಕದಲ್ಲೇ ನಿಂತಿರುತ್ತದೆ. ನಮ್ಮ ಕಡೆ ರಸ್ತೆಗಿಂತ ಫಲಕ ಗಟ್ಟಿ. ಮೊದಲು ರಸ್ತೆ ಹೋಗುತ್ತದೆ, ಆಮೇಲೆ ಖಾತರಿ ಹೋಗುತ್ತದೆ, ಫಲಕ ಮಾತ್ರ ನಿಂತು ಎಮ್ಮೆಗೆ ಮೈ ತಿಕ್ಕಲು ಆಗುತ್ತದೆ.

ಕೇಳಿದರೆ ಉತ್ತರ ಸಿದ್ಧ: “ಮಣ್ಣೇ ಸರಿ ಇಲ್ರಿ. ಎರಿ ಅದ.”

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನಿಜ. ಈ ಸತ್ಯ ಔರಾದಿನ ಒಕ್ಕಲಿಗನಿಗೆ ಗೊತ್ತು, ಅವನ ಎತ್ತಿಗೂ ಗೊತ್ತು. ಬುನಾದಿ ಗಟ್ಟಿ ಹಾಕಬೇಕು ಎಂಬುದು ಅಂದಾಜು ಪಟ್ಟಿ ಬರೆದವರಿಗೂ ಗೊತ್ತು. ಬಿಲ್ಲು ಪಾಸಾಗುವವರೆಗೆ ಸರಿಯಿದ್ದ ಮಣ್ಣು, ಬಿಲ್ಲು ಪಾಸಾದ ಮರುದಿನ ಎರೆಯಾಗುತ್ತದೆ. ಇಂಥ ಮಣ್ಣು ಲೋಕದಲ್ಲಿ ಬೇರೆಲ್ಲೂ ಇಲ್ಲ.

ಇನ್ನು ಸ್ಪೀಡ್ ಬ್ರೇಕರ್. ಅದಕ್ಕೂ ಅಳತೆ ಇದೆ ಅಂದರೆ ನೀವು ನಗುತ್ತೀರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವನ ಬೆನ್ನುಮೂಳೆ ಉಳಿಯಲಿ ಅಂತ. ಸಾಹೇಬರ ಮನೆಯ ಮುಂದಿನದು ಉಳಿದ ಸಿಮೆಂಟಿನಲ್ಲಿ ಎಬ್ಬಿಸಿದ್ದು. ಅಗಲ ಒಂದು ಗೇಣು. ಎತ್ತರ ಅವರ ದರ್ಜೆಗೆ ತಕ್ಕಷ್ಟು. ಬೀದರಿನ ಏಕೈಕ ಮೌಂಟನ್ ಅದೇ.

ಸಾಹೇಬರನ್ನೇ ಬೈಯುತ್ತ ಕೂತರೆ ನಾನೂ ಕಪಟಿಯಾಗುತ್ತೇನೆ. ನಮ್ಮ ಓಣಿಗೆ ಡಾಂಬರು ಬಿದ್ದ ದಿನ ನಾವೆಲ್ಲ ಏನು ಮಾಡಿದೆವು? ಕೂಲಿಯವರಿಗೆ ಚಹಾ ಕೊಟ್ಟೆವು. ಫೋಟೋ ತೆಗೆದೆವು. ದಪ್ಪ ಎಷ್ಟು ಅಂತ ಒಬ್ಬನೂ ಕೇಳಲಿಲ್ಲ. ‘ನಮ್ಮ ಮನಿ ಮುಂದನೂ ಒಂದು ದಿಬ್ಬ ಹಾಕ್ರಿ’ ಅಂತ ಮಾತ್ರ ಕೇಳಿದೆವು. ನಾನೂ ಕೇಳಿದೆ. ಹಾಕಿಕೊಟ್ಟರು.

ಬೆಳಿಗ್ಗೆ ಕೊಳಾರ ಕೈಗಾರಿಕಾ ಪ್ರದೇಶದ ದಾರಿಯಲ್ಲಿ ನಿಂತು ನೋಡಿ. ಪಾಳಿಗೆ ಹೋಗುವ ಕೆಲವರು ಇನ್ನೂ ಸೈಕಲ್ ತುಳಿಯುತ್ತಾರೆ. ಹ್ಯಾಂಡಲಿಗೆ ಬುತ್ತಿ ಚೀಲ, ಕರಿಯ ಉಕ್ಕಿನ ಸೈಕಲ್ಲು, 28 ಇಂಚಿನ ಗಾಲಿ. ಈ 28ರ ರಿಮ್ಮು ಅಳೆದರೆ 635 ಮಿಲಿಮೀಟರ್. ಸಾಹೇಬರ 29 ಇದೆಯಲ್ಲ, ಅದು 622. ಲಕ್ಷ ಕೊಟ್ಟ 29ಕ್ಕಿಂತ ಕೂಲಿಯವನ 28 ದೊಡ್ಡದು. ಇಂಥ ಗಣಿತವನ್ನು ನಾನು ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಕಲಿಸಲಿಲ್ಲ.

ಕಡ್ಡಿಯ ಲೆಕ್ಕವೂ ಹಾಗೇ. ಹಳೆಯ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಸಾಹೇಬರ ಗಾಲಿಗೆ ಮುಂದೆ 28, ಹಿಂದೆ 28. ಕಡ್ಡಿ ಕಡಿಮೆಯಾದಷ್ಟೂ ಬೆಲೆ ಜಾಸ್ತಿ. ಸಾಹೇಬರಿಗೆ ಇದು ಬೇಗ ಅರ್ಥವಾಯಿತು. ಕಡಿಮೆ ಸಾಮಾನು, ಹೆಚ್ಚು ಬಿಲ್ಲು: ಅವರ ಕಸುಬಿನ ಪಾಠವೇ.

ಆ ಕಾರ್ಮಿಕ ತುಳಿದರೆ ಬಡತನ. ಇವರು ತುಳಿದರೆ ಫಿಟ್‌ನೆಸ್. ಅವನು ಅಡ್ಡ ಬಂದರೆ ಕಾರಿನ ಹಾರ್ನು, ಜೊತೆಗೆ ಒಂದು ಬೈಗುಳ. ಇವರು ಅಡ್ಡ ಬಂದರೆ ನಮಸ್ಕಾರ. ನಾನೂ ಕಡಿಮೆಯವನಲ್ಲ. ಸಂಬಳ ಏರಿದ ವರ್ಷ ಸೈಕಲ್ ಮಾರಿ ಸ್ಕೂಟರ್ ತಂದೆ. ಶಾಲೆಗೆ ಸೈಕಲ್ ಮೇಲೆ ಹೋಗಲು ನಾಚಿಕೆಯಾಗುತ್ತಿತ್ತು.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿ ಹುಡುಗಿಯರು ಬೆಲ್ಲು ಬಾರಿಸುತ್ತ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಳಪೆ ಎಂಬ ದೂರುಗಳು ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಆ ಹಬ್ಬಿಗೆ ಎಷ್ಟು ಹಲ್ಲು, ಆ ರಿಮ್ಮು ಎಷ್ಟು ಅಗಲ ಅಂತ ಯಾವ ಕಟ್ಟೆಯ ಮೇಲೂ ಚರ್ಚೆಯಾಗಲಿಲ್ಲ. ಕೊರೊನಾ ಬಂತು, ಸೈಕಲ್ ನಿಂತಿತು. ಅದಕ್ಕೂ ಯಾವ ಓಣಿಯೂ ನಡುಗಲಿಲ್ಲ.

ಜೂನ್ 3 ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಘೋಷಿಸಿತು. 2020ರ ಅದೇ ದಿನ, ಅಟ್ಲಾಸ್ ಸೈಕಲ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಮುಹೂರ್ತ ನೋಡಿಯೇ ಮಾಡಿದಂತಿತ್ತು. ಇಂಥ ದಿನಗಳಿಗೆ ನಮ್ಮಲ್ಲೂ ಜಾಥಾ ನಡೆಯುತ್ತದೆ. ಬಿಳಿ ಟೋಪಿ, ಬಿಳಿ ಟೀಶರ್ಟು, ಹತ್ತು ನಿಮಿಷದ ಸವಾರಿ. ಹಿಂದೆ ಸಾಲಾಗಿ ಸರ್ಕಾರಿ ಕಾರುಗಳು. ಪರಿಸರ ಉಳಿಸಿ ಬೆವರಿದವರನ್ನು ಎಸಿಯಲ್ಲಿ ಮನೆ ಮುಟ್ಟಿಸಬೇಕಲ್ಲ.

ಕೊನೆಗೆ 148ರ ಹಬ್ ಬಂತು. ಗಾಲಿ ಕಟ್ಟಿದವರು ಹಳೇ ಊರಿನ ಸೈಕಲ್ ಅಂಗಡಿಯ ಉಸ್ತಾದರು. ಇಂಥ ಹಬ್ಬನ್ನು ಅವರು ಹಿಂದೆ ಕಂಡಿರಲಿಲ್ಲ. ತಿರುವಿ ನೋಡಿದರು, ಕಡ್ಡಿ ಎಣಿಸಿದರು, ಶುರು ಮಾಡಿದರು. ಎಲ್ಲ ಕಡ್ಡಿ ಹಾಕಿ, ಗಾಲಿಯನ್ನು ಚೌಕಟ್ಟಿಗೆ ಸಿಕ್ಕಿಸಿ, ರಿಮ್ಮಿನ ಪಕ್ಕ ಬಳಪದ ಚೂರು ಹಿಡಿದು ತಿರುಗಿಸಿದರು. ಓಲಿದ ಕಡೆ ಬಳಪ ತಾಗಿ ಬಿಳಿ ಗೆರೆ ಬಿತ್ತು. ಗೆರೆ ಬಿದ್ದ ಕಡೆಯ ಕಡ್ಡಿ ಸಡಿಲಿಸಿ, ಎದುರು ಮಗ್ಗುಲಿನದನ್ನು ಕಾಲು ಸುತ್ತು ಬಿಗಿದರು. ಮತ್ತೆ ತಿರುಗಿಸಿದರು. ಗೆರೆ ಸಣ್ಣದಾಯಿತು. ಮತ್ತೆ. ಮತ್ತೆ. ಎರಡು ತಾಸು. ಬಳಪ ಎಲ್ಲೂ ತಾಗದಾಗ ಕೈ ಒರೆಸಿಕೊಂಡರು.

ಮುನ್ನೂರು ರೂಪಾಯಿ ಕೇಳಿದರು. ಲಕ್ಷದ ಗಾಲಿಯ ಒಡೆಯರು ಇನ್ನೂರೈವತ್ತಕ್ಕೆ ಇಳಿಸಿದರು.

ನಾನು ಆ ಬಳಪದ ಚೂರನ್ನೇ ನೋಡುತ್ತಿದ್ದೆ. ಒಂದು ರೂಪಾಯಿಯ ಸಾಮಾನು. ಲಂಚ ತಿನ್ನುವುದಿಲ್ಲ, ರಜೆ ಹಾಕುವುದಿಲ್ಲ, ತಪ್ಪಿದ ಕಡೆ ಗೆರೆ ಎಳೆಯುತ್ತದೆ. ಗುಣಮಟ್ಟ ಪರಿಶೀಲನೆಗೆ ಅಂತ ಜೀಪಿನಲ್ಲಿ ಬಂದು, ಚಹಾ ಕುಡಿದು, ಕಿಟಕಿಯಿಂದಲೇ ರಸ್ತೆ ನೋಡಿ ಸಹಿ ಮಾಡುವವರ ಕೈಗೆ ಅದನ್ನು ಕೊಡಬೇಕು ಅನಿಸಿತು. ಕೊಟ್ಟರೆ ಅದರಲ್ಲೂ ಸಹಿಯನ್ನೇ ಮಾಡುತ್ತಾರೆ.

ಮರುದಿನ ಭಾನುವಾರ. ಬೆಳಿಗ್ಗೆ ಆರಕ್ಕೆ ಸಾಹೇಬರ ಮನೆ ಮುಂದೆ ಕಾರು. ಕಾರಿನ ಮೇಲೆ ಬೈಕು. ಅದಕ್ಕೆ ನಾಲ್ಕು ಕಡೆ ಪಟ್ಟಿ ಬಿಗಿದಿದ್ದರು. ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ.

“ಎಲ್ಲಿಗ್ರಿ ಸಾಹೇಬ್ರ, ಸೈಕಲ್ ಕಾರಿನ ಮ್ಯಾಲ?”

“ಹೊನ್ನಿಕೇರಿ ಕಾಡಿನ ಕಡಿ ಹೊಂಟೀನ್ರಿ ಮಾಸ್ತರ್ರ. ನಮ್ ರೋಡಿನ್ಯಾಗ ಹೊಡದ್ರ ರಿಮ್ ಉಳಿಯಂಗಿಲ್ಲ.”

“ಅಲ್ಲಿ ದಾರಿ ಚಲೋ ಅದ ಏನ್ರಿ?”

ಸಾಹೇಬರು ಕಾರಿನ ಬಾಗಿಲು ಹಾಕಿಕೊಂಡರು. ಗಾಜು ಇಳಿಸಿ, ಯಾವ ಕಪಟವೂ ಇಲ್ಲದೆ ಹೇಳಿದರು:

“ಮಸ್ತ್ ಅದ್ರಿ. ಅಲ್ಲಿ ಇನ್ನಾ ಟೆಂಡರ್ ಆಗಿಲ್ಲ.”