ತಲೆ ಕೇಳುವ ನೆಂಟ

ಸಾಲ ಕೇಳುವ ನೆಂಟರಿಂದ ತಪ್ಪಿಸಿಕೊಳ್ಳುವ ವಿದ್ಯೆ ಮುಂಬಯಿ ಕನ್ನಡಿಗರಿಗೆಲ್ಲ ಗೊತ್ತು. ತಲೆ ಕೇಳುವ ನೆಂಟನನ್ನು ಏನು ಮಾಡುವುದು? ನನ್ನ ಅಕ್ಕನ ಮಗ ಉಪನಗರದ ಒಂದು ದೊಡ್ಡ ಸಂಸ್ಥೆಯಲ್ಲಿ ಮಿದುಳಿನ ಜಾಲದ ಮೇಲೆ ಸಂಶೋಧನೆ ಮಾಡುತ್ತಾನೆ. ಮದುವೆಮನೆಯಲ್ಲಿ ಸಿಕ್ಕರೆ ಯೋಗಕ್ಷೇಮವಿಲ್ಲ. "ಮಾವ, ನೀವು ಬಲಗೈಯವರಲ್ವಾ? ಫಿಟ್ಸ್ ಗಿಟ್ಸ್ ಬಂದದ್ದಿಲ್ಲವಲ್ಲ?" ಈ ಪಂಗಡದವರಿಗೆ ರೋಗಿಗಳು ಹೇಗೋ ಸಿಗುತ್ತಾರಂತೆ, ಹೋಲಿಸಿ ನೋಡಲು ನೆಟ್ಟಗಿರುವವರೇ ಸಿಗುವುದಿಲ್ಲವಂತೆ.

ತಲೆ ಕೊಡಲು ಒಪ್ಪಿದೆ. "ತಲೆಗೆ ಎಣ್ಣೆ ಹಚ್ಚಬೇಡಿ" ಎಂದ. ಕುಂದಾಪುರದ ಕಡೆಯವನಿಗೆ ಹೇಳುವ ಮಾತೇ ಇದು? ತೊಳೆದ ತಲೆಗೆ ಮಿದುಳಿನ ವಿದ್ಯುತ್ ಅಳೆಯುವ ಅರುವತ್ತನಾಲ್ಕು ತೂತಿನ ಟೋಪಿ ಹಾಕಿ, ಮೊಂಡು ಸೂಜಿಯ ಸಿರಿಂಜಿನಿಂದ ಒಂದೊಂದು ತೂತಿಗೂ ಅಂಟಂಟು ಜೆಲ್ ತುಂಬಿದ. ಎದುರಿನ ಪರದೆಯಲ್ಲಿ ಒಂದು ಕೂಡಿಸುವ ಚಿಹ್ನೆ. ಅದನ್ನೇ ನೋಡುತ್ತ ಏನೂ ಯೋಚಿಸದೆ ಕೂರಬೇಕಂತೆ. ಸೊಸೈಟಿಯ ನೀರಿನ ಟ್ಯಾಂಕು ಸೋರುತ್ತಿರುವಾಗ ಏನೂ ಯೋಚಿಸದ ಸೆಕ್ರೆಟರಿ ಮುಂಬಯಿಯಲ್ಲಿ ಇದ್ದಾನೆಯೇ? "ಮಾವ, ಹಲ್ಲು ಕಚ್ಚಬೇಡಿ" ಎಂದು ಸ್ಪೀಕರಿನಿಂದ ಆಕಾಶವಾಣಿಯಾಯಿತು.

ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಸಹ್ಯಾದ್ರಿಯಂಥ ಅಲೆಗಳನ್ನು ತೋರಿಸಿದ. ನಾನು ಎದೆಯುಬ್ಬಿಸಿದೆ. "ಇದು ನೀವು ಕಣ್ಣು ಮಿಟುಕಿಸಿದ್ದು. ಇದು ದವಡೆ. ಇದು ಗೋಡೆಯ ಕರೆಂಟಿನ 50 ಹರ್ಟ್ಜ್" ಎನ್ನುತ್ತ ಒಂದೊಂದನ್ನೇ ಅಳಿಸುತ್ತ ಹೋದ. ಕೊನೆಗೆ ಸಣ್ಣಗೆ ನಡುಗುವ ಗೆರೆಯಷ್ಟು ಉಳಿಯಿತು. ನನ್ನ ಬುದ್ಧಿ ಅಷ್ಟೇ.

ಅಲ್ಲಿಯ ಉಳಿದವರೂ ಸಾಮಾನ್ಯರಲ್ಲ. ಗಣಿತದಿಂದ ಬಂದ ಹುಡುಗಿ ಮಿದುಳನ್ನು ಕಣ್ಣಾರೆ ಕಂಡವಳಲ್ಲ. ಅದನ್ನು ಚುಕ್ಕಿ ಗೆರೆಗಳಲ್ಲಿ ಬರೆಯುತ್ತಾಳೆ. ಎರಡು ಭಾಗಗಳ ಏರಿಳಿತ ಎಷ್ಟು ಹೊಂದಿದರೆ ನಡುವೆ ಗೆರೆ ಎಳೆಯಬೇಕು ಎಂಬುದೇ ದಿನನಿತ್ಯದ ಜಗಳ. ಮಿತಿ ಸ್ವಲ್ಪ ಇಳಿಸಿದರೆ ಎಲ್ಲಕ್ಕೂ ಎಲ್ಲದರ ಸಂಬಂಧ, ಏರಿಸಿದರೆ ಯಾರಿಗೂ ಯಾರೂ ಇಲ್ಲ. 'ಸರ್' ಸದಾ ವಿಮಾನ ನಿಲ್ದಾಣದಲ್ಲಿರುತ್ತಾರೆ. ರತ್ನಾಗಿರಿಯ ಅಟೆಂಡರು ಗಣಪತಿ ಹಬ್ಬಕ್ಕೆ ಊರಿಗೆ ಹೋದರೆ ಜೆಲ್ ಎಲ್ಲಿದೆ ಎಂದು ಹೇಳುವವರಿಲ್ಲ.

ಮಾಟುಂಗಾದಲ್ಲಿ, 1942ರಿಂದ ಎಲೆ ಹಾಕುತ್ತಿರುವ ರಾಮಾನಾಯಕರ ಖಾನಾವಳಿಯಲ್ಲಿ ಊಟಕ್ಕೆ ಕೂತಾಗಲೂ ಅಕ್ಕನ ಮಗನ ಪಾಠ ತಪ್ಪಲಿಲ್ಲ. 1998ರಲ್ಲಿ ವಾಟ್ಸ್ ಮತ್ತು ಸ್ಟ್ರೋಗಾಟ್ಸ್ ಎಂಬಿಬ್ಬರು ಹುಳುವಿನ ನರಗಳು, ಸಿನಿಮಾ ನಟರು, ಅಮೆರಿಕದ ವಿದ್ಯುತ್ ಜಾಲ ಎಲ್ಲಕ್ಕೂ ಒಂದೇ ಗುಟ್ಟು ಕಂಡರಂತೆ: ಅಡ್ಡಹಾಯುವ ನಾಲ್ಕು ದಾರಿಗಳಿದ್ದರೆ ಯಾವುದೂ ದೂರವಲ್ಲ. "ಮಿದುಳಿನಲ್ಲೂ ದಾದರ್ ಜಂಕ್ಷನ್‌ಗಳಿವೆ ಮಾವ. ದಾದರ್ ನಿಂತರೆ ವಿರಾರಿನವ ಡೊಂಬಿವಿಲಿಗೆ ಹೇಗೆ ಹೋಗುತ್ತಾನೆ?"

"ವಸಯಿಯಿಂದ ದಿವಾ ಲೈನ್ ಇದೆಯಲ್ಲ" ಎಂದೆ. ಅಷ್ಟೇ ಸಾಕಾಯಿತು. "ಅದೇ! ಪಾರ್ಶ್ವವಾಯು ಬಡಿದವರು ಸುಧಾರಿಸುವುದರಲ್ಲೂ ಅಂಥ ಸುತ್ತುದಾರಿಗಳ ಪಾಲಿದೆ!" ಎಂದು ಎಂಜಲು ಕೈಯಲ್ಲೇ ಪೆನ್ನು ಹುಡುಕಿದ. ಹಿಂದೆ ಸೀಟಿಗೆ ಕಾದವರು ನನ್ನನ್ನೇ ದುರುಗುಟ್ಟಿ ನೋಡಿದರು.

ಈ ಹುಚ್ಚು ಮುಂಬಯಿಗೆ ಹೊಸತಲ್ಲ. ಭಾಭಾ ಅವರ ಕರೆಗೆ ಓಗೊಟ್ಟು 1962ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದ ಒಬೈದ್ ಸಿದ್ದಿಕಿ, ಮುಂದೆ ಸೆಕೆ ಏರಿದರೆ ಮರಗಟ್ಟಿ ಬೀಳುವ ಹಣ್ಣುನೊಣಗಳ ನರ ಕೆದಕಿದರು; ಆಮೇಲೆ ನೊಣ ವಾಸನೆ ಹಿಡಿಯುವುದು ಹೇಗೆಂದು ಕೊಲಾಬಾದಲ್ಲಿ ವರ್ಷಗಟ್ಟಲೆ ಕೂತರು. ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಕಟ್ಟಿದವರೂ ಅವರೇ. ಹಣ್ಣುನೊಣದ ಮಿದುಳಿನ ಪೂರ್ತಿ ನಕ್ಷೆ ಪ್ರಕಟವಾದದ್ದು 2024ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

"302 ನರಕೋಶಗಳ ಹುಳುವಿನ ನಕ್ಷೆ 1986ರಲ್ಲೇ ಬಂತು ಮಾವ. ಅದು ಮುಂದೆ ಏನು ಮಾಡುತ್ತದೆಂದು ಇವತ್ತಿಗೂ ಖಚಿತವಾಗಿ ಹೇಳಲಾಗದು."

"ನನ್ನ ತಲೆಯಲ್ಲಿ ಎಷ್ಟಿವೆಯೋ?"

"ಸುಮಾರು 8600 ಕೋಟಿ."

ಇವನ ಫೆಲೋಶಿಪ್ ಮುಗಿಯುತ್ತ ಬಂದಿದೆ. ಕೆಲಸ ಯಾವಾಗ ಕಾಯಂ ಎಂದು ಅಕ್ಕ ಇವನನ್ನು ಕೇಳದೆ ನನಗೇ ಫೋನು ಮಾಡುತ್ತಾಳೆ. ಲೆಕ್ಕ ಹಾಕಿದರೆ ಇವನ ಆಯುಷ್ಯದಲ್ಲಿ ಈ ಕೆಲಸ ತುದಿ ಮುಟ್ಟುವುದಿಲ್ಲ. ಅದು ಅವನಿಗೂ ಗೊತ್ತು. ಆದರೂ ರಾತ್ರಿ ಹನ್ನೊಂದಕ್ಕೆ ಇನ್ಯಾರದೋ ಕಣ್ಣಿನ ಮಿಟುಕು ಅಳಿಸುತ್ತ ಕೂತಿರುತ್ತಾನೆ. ಬೈಯಲು ಬಾಯಿ ಬರುವುದಿಲ್ಲ.

ನನ್ನ ಹೆಂಡತಿಗೆ ಬರುತ್ತದೆ. ಅವಳು ತಾನಾಗಿ ತಲೆ ಕೊಡಲು ಮುಂದಾದಾಗ "ಅತ್ತೆ ಎಡಚರು, ಲೆಕ್ಕ ಕೆಡುತ್ತದೆ" ಅಂದುಬಿಟ್ಟಿದ್ದ. ಅಂದಿನಿಂದ ಅವನಿಗೆ ಸಾರು ಎಡಗೈಯಿಂದಲೇ. ಮೊನ್ನೆ ಅವಳ ಕೈಯನ್ನೇ ದಿಟ್ಟಿಸಿ, "ಅತ್ತೆ, ಎಡಚರದ್ದೇ ಒಂದು ಹೊಸ ಪ್ರಾಜೆಕ್ಟು ಬರೆಯುತ್ತಿದ್ದೇನೆ" ಎಂದ. ಅವಳು ಸೌಟನ್ನು ಬಲಗೈಗೆ ಬದಲಾಯಿಸಿದಳು.